ಏರ್‌ಶೈರಿನ ಹಳೇ ಬಂಗಲೆಗಳು: ನಾಲ್ಕರಲ್ಲಿ ಎಲ್ಲಿ ತಂಗುವುದು?

ಜೂನ್ ತಿಂಗಳಲ್ಲಿ ಸ್ಕಾಟ್ಲೆಂಡಿನಲ್ಲಿ ಹೊತ್ತು ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ. ಹಳೇ ಬಂಗಲೆ ನೋಡಲು ಟಿಕೆಟ್ ತೆಗೆದುಕೊಂಡು ಬಂದವರು ಐದು ಗಂಟೆಗೆಲ್ಲ ಹೊರಟುಬಿಡುತ್ತಾರೆ. ಬಸ್ಸುಗಳು ಹೋಗುತ್ತವೆ, ಟೀ ಅಂಗಡಿ ಬಾಗಿಲು ಹಾಕುತ್ತದೆ. ಆಮೇಲೂ ಐದು ಗಂಟೆಯಷ್ಟು ಬೆಳಕು ಉಳಿದಿರುತ್ತದೆ. ಅದು ರಾತ್ರಿ ಅಲ್ಲೇ ತಂಗುವವರ ಪಾಲಿಗೆ. ಅಷ್ಟು ದೂರ ಹೋಗಿ, ಅಷ್ಟು ದುಡ್ಡು ಸುರಿದು ಹಳೇ ಮನೆಯಲ್ಲೇ ಯಾಕೆ ಉಳಿಯಬೇಕು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಆ ಐದು ಗಂಟೆಯ ಬೆಳಕು.

ಆದ್ದರಿಂದ ಇಲ್ಲಿ ಹಾಸಿಗೆ ಎಷ್ಟು ಮೆತ್ತಗಿದೆ, ಬಾತ್‌ರೂಮು ಎಷ್ಟು ದೊಡ್ಡದು ಎಂದು ಹೋಲಿಸಲು ಹೋಗುವುದಿಲ್ಲ. ಎರಡು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಮಲಗುವುದು ಆ ಹಳೇ ಮನೆಯ ಒಳಗೋ, ಪಕ್ಕದಲ್ಲೋ? ಜನ ಹೋದ ಮೇಲೆ ತೋಟ ನಿಮಗೆ ಎಷ್ಟು ಸಿಗುತ್ತದೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಆಯ್ಕೆ ಅರ್ಧ ಮುಗಿದಂತೆ.

ನಾಲ್ಕೂ ಜಾಗಗಳನ್ನು ಒಂದೇ ಸೀಮೆಯಿಂದ ಆರಿಸಿದ್ದೇನೆ. ಅದು ಗ್ಲಾಸ್ಗೋದ ದಕ್ಷಿಣಕ್ಕೆ, ಪಶ್ಚಿಮ ಕರಾವಳಿಯಲ್ಲಿರುವ ಏರ್‌ಶೈರ್. ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ನಾಡು. ಪ್ರವಾಸಿಗರೆಲ್ಲ ಎಡಿನ್‌ಬರೋ ನೋಡಿ ನೇರ ಉತ್ತರದ ಬೆಟ್ಟಗಳ ಕಡೆ ಹೋಗುವುದರಿಂದ ಇಲ್ಲಿ ನೂಕುನುಗ್ಗಲು ಕಡಿಮೆ. ಬೆಚ್ಚನೆಯ ಸಮುದ್ರದ ಗಾಳಿ ಬೀಸುವುದರಿಂದ ತೋಟಗಳು ಹುಲುಸಾಗಿ ಬೆಳೆಯುತ್ತವೆ.

ಡಂಫ್ರೀಸ್ ಹೌಸ್: ಉಳಿಸಿಕೊಂಡ ಮನೆ

ಮೊದಲು ಹೆಸರಿನ ಗೊಂದಲ. ಡಂಫ್ರೀಸ್ ಹೌಸ್ ಇರುವುದು ಡಂಫ್ರೀಸ್ ಊರಿನಲ್ಲಲ್ಲ. ಕಟ್ಟಿಸಿದವನು ಡಂಫ್ರೀಸಿನ ಐದನೇ ಅರ್ಲ್ (ಅರ್ಲ್ ಎಂದರೆ ಅಲ್ಲಿನ ಸಿರಿವಂತ ಮನೆತನಗಳ ಒಂದು ಪದವಿ), ಅದಕ್ಕೇ ಆ ಹೆಸರು. ಮನೆ ಇರುವುದು ಕಮ್ನಾಕ್ ಎಂಬ ಸಣ್ಣ ಊರಿನ ಹತ್ತಿರ, ಡಂಫ್ರೀಸ್ ಪಟ್ಟಣದಿಂದ ಸುಮಾರು 70 ಕಿಲೋಮೀಟರ್ ಈಚೆ. ನನ್ನ ಪರಿಚಯದ ಕುಟುಂಬವೊಂದು ಹೆಸರು ನಂಬಿ ಡಂಫ್ರೀಸ್ ತನಕ ಟಿಕೆಟ್ ಮಾಡಿಸಿ, ಮಳೆಯಲ್ಲಿ ಸಾಮಾನು ಎಳೆದುಕೊಂಡು ವಾಪಸ್ ರೈಲು ಹತ್ತಬೇಕಾಯಿತು. ಗ್ಲಾಸ್ಗೋ ಸೆಂಟ್ರಲ್‌ನಿಂದ ಹೊರಡುವ ಅದೇ ರೈಲಿನಲ್ಲಿ ಮೊದಲೇ ಬರುವ ಆಖಿನ್‌ಲೆಕ್ ನಿಲ್ದಾಣದಲ್ಲಿ ಇಳಿಯಬೇಕಿತ್ತು.

ಮನೆ ಕಟ್ಟಿದ್ದು 1754ರಿಂದ 1759ರೊಳಗೆ. ಆಡಮ್ ಸಹೋದರರ ಕೈಯ ಕೆಲಸ. ಅವರಲ್ಲೊಬ್ಬನಾದ ರಾಬರ್ಟ್ ಆಡಮ್ ಆಗ ಇನ್ನೂ ಎಳೆಯ ವಯಸ್ಸಿನ ವಾಸ್ತುಶಿಲ್ಪಿ. ಮನೆ ಸಿದ್ಧವಾಗುತ್ತಿದ್ದಂತೆ ಅರ್ಲ್ ಲಂಡನ್ನಿನಲ್ಲಿ ಥಾಮಸ್ ಚಿಪ್ಪೆಂಡೇಲ್ ಎಂಬ ಬಡಗಿಯ ಅಂಗಡಿಗೆ ಹೋಗಿ ಮನೆಗೆ ಬೇಕಾದ ಪೀಠೋಪಕರಣ ಮಾಡಿಸಿದ. ಚಿಪ್ಪೆಂಡೇಲ್ ಹೆಸರು ಆಮೇಲೆ ಜಗತ್ತಿಗೆಲ್ಲ ಗೊತ್ತಾಯಿತು. ಆವತ್ತು ಯಾವ ಮನೆಗೆ ಅಂತ ಮಾಡಿದ್ದನೋ ಅದೇ ಮನೆಯಲ್ಲಿ, ಅವವೇ ಕೋಣೆಗಳಲ್ಲಿ ಆ ಕುರ್ಚಿ, ಮಂಚ, ಪುಸ್ತಕದ ಬೀರು ಇವತ್ತಿಗೂ ಇವೆ. ಇದು ಬಹಳ ಅಪರೂಪ. ನಮ್ಮಲ್ಲಿ ಎಷ್ಟು ತೊಟ್ಟಿ ಮನೆಗಳ ಕಂಬ, ಬಾಗಿಲು ಬಿಚ್ಚಿ ಮಾರಾಟವಾಗಿ ಎಲ್ಲೆಲ್ಲೋ ಹೋಟೆಲಿನ ಅಲಂಕಾರವಾಗಿಲ್ಲ ಹೇಳಿ. ಅದನ್ನು ಕಂಡವರಿಗೆ ಈ ಮನೆಯ ಬೆಲೆ ಬೇಗ ಗೊತ್ತಾಗುತ್ತದೆ.

ಇಲ್ಲೂ ಅದೇ ಆಗುವುದರಲ್ಲಿತ್ತು. 2007ರಲ್ಲಿ ಆಗಿನ ಒಡೆಯ, ಬ್ಯೂಟ್ ಮನೆತನದ ಮಾರ್ಕ್ವಿಸ್, ಮನೆ ಮತ್ತು ಸಾಮಾನು ಎರಡನ್ನೂ ಮಾರಲು ಹೊರಟರು. ಹರಾಜಿನ ಕ್ಯಾಟಲಾಗ್ ಅಚ್ಚಾಗಿತ್ತು. ಸಾಮಾನು ತುಂಬಿದ ಲಾರಿಗಳು ಲಂಡನ್ ದಾರಿ ಹಿಡಿದಿದ್ದವು. ಆಗ ಯುವರಾಜನಾಗಿದ್ದ ಚಾರ್ಲ್ಸ್ ಮುಂದೆ ನಿಂತು, 2 ಕೋಟಿ ಪೌಂಡ್ ಸಾಲ ಮಾಡಿಸಿ, ಬೇರೆ ಸಂಸ್ಥೆಗಳ ಹಣವನ್ನೂ ಕೂಡಿಸಿ, ಒಟ್ಟು 4.5 ಕೋಟಿ ಪೌಂಡಿಗೆ ಎಲ್ಲವನ್ನೂ ಕೊಳ್ಳುವಂತೆ ಮಾಡಿದರು. ಲಾರಿಗಳು ಅರ್ಧ ದಾರಿಯಿಂದ ತಿರುಗಿ ಬಂದವು. ಈಗ ಇದು ಚಾರ್ಲ್ಸರ ದತ್ತಿಸಂಸ್ಥೆಯಾದ ಕಿಂಗ್ಸ್ ಫೌಂಡೇಶನ್‌ನ ಕೇಂದ್ರ. ಸುತ್ತಮುತ್ತಲಿನದು ಕಲ್ಲಿದ್ದಲ ಗಣಿಗಳು ಮುಚ್ಚಿ ಸೊರಗಿದ ಪ್ರದೇಶ. ಅಲ್ಲಿನ ಹುಡುಗರು ಇಲ್ಲಿ ಅಡುಗೆ, ಕಲ್ಲುಕೆಲಸ, ತೋಟಗಾರಿಕೆ ಕಲಿಯುತ್ತಾರೆ. ಮನೆ ಉಳಿಸುವುದರ ಜೊತೆಗೆ ಊರನ್ನೂ ಉಳಿಸಲು ನೋಡಿದ್ದು ನನಗೆ ತುಂಬಾ ಇಷ್ಟವಾದ ವಿಷಯ. ಎಸ್ಟೇಟಿನೊಳಗೆ ಆರೋಗ್ಯ ಕೇಂದ್ರವೂ ಇದೆ. ಚಾರ್ಲ್ಸ್ ನಮ್ಮ ವೈಟ್‌ಫೀಲ್ಡ್ ಹತ್ತಿರದ ಸೌಖ್ಯ ಕೇಂದ್ರಕ್ಕೆ ಬಂದು ಉಳಿಯುವವರು. ಹಾಗಾಗಿ ಇಂಥ ವಿಚಾರದಲ್ಲಿ ಅವರಿಗಿರುವ ಒಲವು ಬೆಂಗಳೂರಿನವರಿಗೆ ಹೊಸದಲ್ಲ.

ಇನ್ನು ತಂಗುವ ವಿಷಯ. ದೊಡ್ಡ ಮನೆಯೊಳಗೆ ಸುಮ್ನೆ ಕೋಣೆ ಬುಕ್ ಮಾಡಿ ಮಲಗಲು ಬರುವುದಿಲ್ಲ. ಅದನ್ನು ಗೈಡ್ ಜೊತೆ ಸುತ್ತಿ ನೋಡಬೇಕು. ತಂಗುವುದು ಎಸ್ಟೇಟಿನ ಒಳಗೇ ಇರುವ ಲಾಡ್ಜಿನಲ್ಲಿ. ಅದೂ ಹಳೇ ಕಟ್ಟಡವೇ, ಚೆನ್ನಾಗಿ ದುರಸ್ತಿ ಮಾಡಿದ್ದಾರೆ, ಇಪ್ಪತ್ತೆರಡು ಕೋಣೆಗಳಿವೆ. ಬೇಸಿಗೆಯಲ್ಲೂ ಹಜಾರದ ಬೆಂಕಿಗೂಡು ಹಚ್ಚಿಟ್ಟಿರುವ, ಯಾರದೋ ಮನೆಗೆ ನೆಂಟರಾಗಿ ಬಂದ ಹಾಗೆ ಅನಿಸುವ ಜಾಗ. ನನ್ನ ಮೊದಲ ಪ್ರಶ್ನೆಗೆ ಇದು ಪೂರ್ತಿ ಅಂಕ ಗಳಿಸುವುದಿಲ್ಲ. ಎರಡನೆಯದಕ್ಕೆ ಗಳಿಸುತ್ತದೆ. ಸುಮಾರು 2,000 ಎಕರೆ ಎಸ್ಟೇಟ್, ಲೂಗರ್ ಹೊಳೆ, ಅದರ ಮೇಲೆ ಆಡಮ್ ಕಟ್ಟಿದ ಕಲ್ಲಿನ ಸೇತುವೆ, ನೂರಾರು ಗಿಡಮರಗಳ ತೋಪು, ಎಲ್ಲವೂ ನಿಮ್ಮ ನಡಿಗೆಯ ಅಳತೆಯಲ್ಲೇ.

ಆದರೆ ಜಾಸ್ತಿ ಹೊತ್ತು ನಿಲ್ಲಬೇಕಾದದ್ದು ಗೋಡೆಯೊಳಗಿನ ತೋಟದಲ್ಲಿ. ಸುಮಾರು ಐದು ಎಕರೆ. ಪಾಳುಬಿದ್ದಿದ್ದ ಜಾಗವನ್ನು ಹೊಸದಾಗಿ ಕಟ್ಟಿ 2014ರಲ್ಲಿ ರಾಣಿ ಎಲಿಜಬೆತ್ ಹೆಸರಿನಲ್ಲಿ ತೆರೆದರು. ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ತೋಟಕ್ಕೆ ಗೋಡೆ ಯಾಕೆ ಎಂದು ಮೊದಲ ಸಲ ಹೋದವರಿಗೆ ಅನಿಸಬಹುದು. ಕಳ್ಳರಿಗೋ ದನಗಳಿಗೋ ಅಲ್ಲ, ಗಾಳಿಗೆ. ಎತ್ತರದ ಗೋಡೆ ಚಳಿಗಾಳಿ ತಡೆಯುತ್ತದೆ, ಹಗಲಿನ ಬಿಸಿಲು ಹೀರಿಕೊಂಡು ರಾತ್ರಿ ಮೆಲ್ಲಗೆ ಬಿಡುತ್ತದೆ. ಸಂಜೆ ಇಂಥ ಗೋಡೆಗೆ ಅಂಗೈ ಒತ್ತಿ ನೋಡಿ. ಗಾಳಿಗೆ ಬೆರಳು ಸೆಟೆದಿದ್ದರೂ ಗೋಡೆ ಈಗಷ್ಟೇ ಒಲೆ ಆರಿಸಿದ ಅಡುಗೆಮನೆಯ ಗೋಡೆಯ ಹಾಗೆ ಬೆಚ್ಚಗಿರುತ್ತದೆ. ಆ ಬೆಚ್ಚಗೆಯಲ್ಲೇ ಪಿಯರ್, ಪ್ಲಮ್ ಮರಗಳ ಕೊಂಬೆಗಳನ್ನು ಬೀಸಣಿಗೆಯ ಹಾಗೆ ಹರಡಿ ತಂತಿಗೆ ಕಟ್ಟಿರುತ್ತಾರೆ. ಗೋಡೆಯ ತೋಟಕ್ಕೆ ಬಾಗಿಲು ಹಾಕುವ ಸಮಯ ಇರುತ್ತದೆ. ಬುಕ್ ಮಾಡುವಾಗಲೇ ಕೇಳಿಟ್ಟುಕೊಳ್ಳಿ.

ಆಖಿನ್‌ಲೆಕ್ ಹೌಸ್: ಬೀಗದ ಕೈ ನಿಮ್ಮ ಹತ್ತಿರ

ಅದೇ ಲೂಗರ್ ಹೊಳೆಯ ಗುಂಟ ಕೆಲವೇ ಮೈಲಿ ಕೆಳಗೆ ಹೋದರೆ ಆಖಿನ್‌ಲೆಕ್ ಹೌಸ್. 1760ರ ಸುಮಾರಿಗೆ ಕಟ್ಟಿಸಿದವರು ನ್ಯಾಯಾಧೀಶ ಅಲೆಕ್ಸಾಂಡರ್ ಬಾಸ್ವೆಲ್. ಅವರ ಮಗ ಜೇಮ್ಸ್ ಬಾಸ್ವೆಲ್, ಇಂಗ್ಲಿಷ್ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ನರ ಜೀವನಚರಿತ್ರೆ ಬರೆದವನು. 1773ರಲ್ಲಿ ಇಬ್ಬರೂ ಸ್ಕಾಟ್ಲೆಂಡ್ ಸುತ್ತಿ ಬರುತ್ತಾ ಈ ಮನೆಗೆ ಬಂದರು. ಮುದುಕ ನ್ಯಾಯಾಧೀಶರಿಗೂ ಜಾನ್ಸನ್ನರಿಗೂ ರಾಜಕೀಯದ ಮೇಲೆ ಜೋರು ಜಗಳವಾಯಿತು. ಮನೆಯ ಮುಂಭಾಗದಲ್ಲಿ ಲ್ಯಾಟಿನ್ ಕವಿ ಹೊರೇಸನ ಸಾಲು ಕೆತ್ತಿದೆ. ಮನಸ್ಸು ಸಮಾಧಾನವಾಗಿದ್ದರೆ ನೀನು ಹುಡುಕುವುದೆಲ್ಲ ಈ ಮೂಲೆಯಲ್ಲೇ ಇದೆ ಎಂಬುದು ಅದರ ತಾತ್ಪರ್ಯ. ಅಪ್ಪ ಆ ಸಾಲನ್ನು ಸದಾ ಊರು ಸುತ್ತುತ್ತಿದ್ದ ಮಗನಿಗಾಗಿಯೇ ಕೆತ್ತಿಸಿದನೇನೋ ಎಂದು ನನಗೆ ಅನಿಸುತ್ತದೆ.

ಹಾಳಾಗುತ್ತಿದ್ದ ಮನೆಯನ್ನು ಲ್ಯಾಂಡ್‌ಮಾರ್ಕ್ ಟ್ರಸ್ಟ್ ದುರಸ್ತಿ ಮಾಡಿ 2001ರಲ್ಲಿ ತೆರೆಯಿತು. ಹಳೇ ಕಟ್ಟಡ ಉಳಿಸಿ, ಬಾಡಿಗೆಗೆ ಕೊಟ್ಟು, ಬಂದ ಹಣದಲ್ಲಿ ಅದನ್ನು ನೋಡಿಕೊಳ್ಳುವುದೇ ಆ ಟ್ರಸ್ಟಿನ ಕೆಲಸ. ಇಲ್ಲಿ ಒಂದು ಕೋಣೆ ಬುಕ್ ಮಾಡುವ ಮಾತಿಲ್ಲ, ಇಡೀ ಮನೆಯೇ ನಿಮ್ಮದು. ಹದಿಮೂರು ಜನ ಮಲಗಬಹುದು. ಜಾನ್ಸನ್ ಜಗಳವಾಡಿದ ಲೈಬ್ರರಿಯಲ್ಲಿ ನೀವು ಚಕ್ಕಳಮಕ್ಕಳ ಹಾಕಿ ಕೂತು ಇಸ್ಪೀಟು ಆಡಬಹುದು. ಟಿವಿ ಇಲ್ಲ. ಅತಿಥಿಗಳು ಬರೆದಿಟ್ಟು ಹೋಗುವ ದಪ್ಪ ಪುಸ್ತಕ ಇದೆ. ಹಿಂದಿನವರು ಯಾವ ದಾರಿಯಲ್ಲಿ ನಡೆದರು, ಯಾವ ಕಿಟಕಿಯಿಂದ ಜಿಂಕೆ ಕಂಡಿತು ಎಂದೆಲ್ಲ ಬರೆದಿರುತ್ತಾರೆ. ಮೊದಲ ಸಂಜೆ ಅದನ್ನು ಓದಿ.

ಮೊದಲ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉತ್ತರ ಬೇರೆಲ್ಲೂ ಇಲ್ಲ. ತೋಟದ ವಿಷಯಕ್ಕೆ ಬಂದರೆ ಸ್ವಲ್ಪ ಯೋಚಿಸಿ. ಹೂವಿನ ಮಡಿಗಳು, ಗಾಜಿನ ಮನೆ ಎಂದು ಹುಡುಕಿಕೊಂಡು ಹೋದರೆ ನಿರಾಸೆಯಾದೀತು. ಇಲ್ಲಿರುವುದು ಹುಲ್ಲುಗಾವಲು, ದೊಡ್ಡ ಮರಗಳು, ಮನೆಯ ಕೆಳಗೆ ಡಿಪ್ಪಲ್ ಎಂಬ ತೊರೆಯ ಕೊರಕಲು. ಕೆಂಪು ಬಂಡೆ ಕೊರೆದು ಮಾಡಿದ ಗುಹೆಯಂಥ ಕೋಣೆ, ಮಂಜುಗಡ್ಡೆ ಇಡುತ್ತಿದ್ದ ಹಳೇ ಮನೆ, ಇನ್ನೂ ಹಳೇ ಕೋಟೆಯ ಅವಶೇಷ ಆ ದಾರಿಯಲ್ಲಿವೆ. ನಮ್ಮ ಮಲೆನಾಡಿನ ಹಳ್ಳದ ದಂಡೆಯಲ್ಲಿ ಓಡಾಡಿದವರಿಗೆ ಪಾಚಿಯ ಆ ವಾಸನೆ ಗುರುತು ಸಿಗುತ್ತದೆ.

ಕಲೇನ್ ಕೋಟೆ: ಸಮುದ್ರದ ನೆತ್ತಿಯ ಮೇಲೆ

ಇಂಗ್ಲಿಷಿನಲ್ಲಿ ಬರೆಯುವಾಗ (Culzean) ನಡುವೆ ಝಡ್ ಅಕ್ಷರ ಇದೆ, ಹೇಳುವಾಗ ಇಲ್ಲ. ಹಳೇ ಸ್ಕಾಟ್ಸ್ ಭಾಷೆಯಲ್ಲಿ ಬೇರೊಂದು ಅಕ್ಷರವಿತ್ತು. ಅಚ್ಚು ಹಾಕುವವರ ಹತ್ತಿರ ಅದರ ಮೊಳೆ ಇರಲಿಲ್ಲ, ನೋಡಲು ಹತ್ತಿರವಾದ ಝಡ್ ಬಳಸಿದರು. ಹಾಗಾಗಿ ಟ್ಯಾಕ್ಸಿಯವರಿಗೆ ಕಲೇನ್ ಎಂದೇ ಹೇಳಿ.

ಇದೂ ರಾಬರ್ಟ್ ಆಡಮ್‌ನದೇ. ಆದರೆ ಡಂಫ್ರೀಸ್ ಹೌಸಿನ ಎಳೆಯ ವಾಸ್ತುಶಿಲ್ಪಿಯಲ್ಲ, ಕೈ ಪಳಗಿದ ಆಡಮ್. 1777ರಿಂದ 1792ರ ತನಕ ಕೆನಡಿ ಮನೆತನದ ಹಳೇ ಕೋಟೆಯನ್ನು ಹೊಸದಾಗಿ ಕಟ್ಟುತ್ತಲೇ ಇದ್ದ. ಮೊಟ್ಟೆಯಾಕಾರದ ಮೆಟ್ಟಿಲು, ಕಡಲಿಗೆ ಮುಖ ಮಾಡಿದ ದುಂಡು ಕೋಣೆ ಎರಡನ್ನೂ ಅವಸರ ಮಾಡದೆ ನೋಡಿ. ಆ ದುಂಡು ಕೋಣೆಯ ಕಿಟಕಿಯಲ್ಲಿ ನಿಂತರೆ ಕೆಳಗೆ ನೆಲ ಕಾಣುವುದಿಲ್ಲ. ಬಂಡೆ ನೇರ ಸಮುದ್ರಕ್ಕೆ ಇಳಿಯುತ್ತದೆ. ದೂರದಲ್ಲಿ ಆರನ್ ದ್ವೀಪ, ಒಂಟಿ ಗುಡ್ಡದ ಹಾಗೆ ಏಲ್ಸಾ ಕ್ರೇಗ್ ಎಂಬ ಪುಟ್ಟ ದ್ವೀಪ.

1945ರಲ್ಲಿ ಕೆನಡಿ ಮನೆತನ ಕೋಟೆಯನ್ನು ಹಳೇ ಕಟ್ಟಡಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಎಂಬ ಸಂಸ್ಥೆಗೆ ಕೊಟ್ಟಿತು. ಎರಡನೇ ಮಹಾಯುದ್ಧದಲ್ಲಿ ಮಾಡಿದ ಕೆಲಸಕ್ಕೆ ಕೃತಜ್ಞತೆಯಾಗಿ ಮೇಲಂತಸ್ತನ್ನು ಜನರಲ್ ಐಸೆನ್‌ಹೋವರ್‌ಗೆ ಬದುಕಿರುವವರೆಗೂ ಬಳಸಲು ಬಿಟ್ಟುಕೊಟ್ಟರು. ಅವರು ನಾಲ್ಕು ಸಲ ಬಂದರು, ಒಂದು ಸಲ ಅಮೆರಿಕದ ಅಧ್ಯಕ್ಷರಾಗಿದ್ದಾಗಲೇ. ಆ ಮೇಲಂತಸ್ತಿನಲ್ಲೇ ಅತಿಥಿಗಳಿಗೆ ಆರು ಕೋಣೆ ಮಾಡಿದ್ದಾರೆ. ಕೋಣೆ ಕಡಿಮೆ, ಕೇಳುವವರು ಬಹಳ. ಆದ್ದರಿಂದ ಊರಿಂದ ಟಿಕೆಟ್ ತೆಗೆಯುವ ಮೊದಲೇ ಟ್ರಸ್ಟನ್ನು ಕೇಳಿ. ಸಿಗದಿದ್ದರೆ ಎಸ್ಟೇಟಿನ ಸಣ್ಣ ಮನೆಗಳೂ ಬಾಡಿಗೆಗೆ ಇವೆ.

ನನ್ನ ಐದು ಗಂಟೆಯ ಲೆಕ್ಕಕ್ಕೆ ಕಲೇನ್ ಎಲ್ಲಕ್ಕಿಂತ ಮೇಲೆ. ಹಗಲು ಇಲ್ಲಿ ಜಾತ್ರೆ. ಶಾಲೆಯ ಮಕ್ಕಳು, ನಾಯಿ ಕರೆದುಕೊಂಡು ಬಂದವರು, ಐಸ್‌ಕ್ರೀಮು. 1969ರಲ್ಲಿ ಸ್ಕಾಟ್ಲೆಂಡಿನ ಮೊದಲ ಕಂಟ್ರಿ ಪಾರ್ಕ್ (ಊರಾಚೆಯ ಸಾರ್ವಜನಿಕ ಉದ್ಯಾನ) ಎಂದು ಹೆಸರಾದ ಜಾಗ ಇದು. ಸಂಜೆಯಾದ ಮೇಲೆ ಅದೇ ಜಾಗದಲ್ಲಿ ಕೇಳುವುದು ಅಲೆಯ ಸದ್ದು, ಕಡಲಕ್ಕಿಯ ಕೂಗು, ಅಷ್ಟೇ. ಕೋಟೆಯ ಕೆಳಗಿನ ಕಾರಂಜಿಯ ಅಂಗಳದಲ್ಲಿ ಪಾಮ್ ಮರಗಳಿವೆ. ಸ್ಕಾಟ್ಲೆಂಡಿನಲ್ಲಿ ಪಾಮ್ ಮರ! ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚನೆಯ ಕಡಲ ಪ್ರವಾಹ ಈ ದಂಡೆಯನ್ನು ಗಟ್ಟಿ ಹಿಮದಿಂದ ಕಾಯುವುದರಿಂದ ಇದು ಸಾಧ್ಯ. ಹಂಸಗಳ ಕೊಳದ ತನಕ ನಡೆದು, ವಾಪಸ್ ಬರುವಾಗ ಕಾಡಿನ ದಾರಿ ಬಿಟ್ಟು ದಂಡೆಯ ದಾರಿ ಹಿಡಿಯಿರಿ. ಬೇಸಿಗೆಯಲ್ಲಿ ಆರನ್ ದ್ವೀಪದ ಬೆನ್ನಿಗೆ ಸೂರ್ಯ ಇಳಿಯುವುದು ಕಾಣುತ್ತದೆ.

ಗ್ಲೆನಾಪ್: ಪೂರ್ತಿ ಹೋಟೆಲ್

ಇನ್ನೂ ದಕ್ಷಿಣಕ್ಕೆ, ಬ್ಯಾಲಂಟ್ರೇ ಹಳ್ಳಿಯಾಚೆ ಗ್ಲೆನಾಪ್ ಕೋಟೆ. 1870ರಲ್ಲಿ ಡೇವಿಡ್ ಬ್ರೈಸ್ ಕಟ್ಟಿದ್ದು, ಅಂದರೆ ನಾಲ್ಕರಲ್ಲಿ ಕಿರಿಯದು. ಬಾಗಿಲು ತೆಗೆಯುವವರು, ಊಟ ಬಡಿಸುವವರು, ಹಾಸಿಗೆ ಸರಿಮಾಡುವವರು ಎಲ್ಲ ಇರುವ ಐಷಾರಾಮಿ ಹೋಟೆಲ್. ದುಡ್ಡೂ ಅದಕ್ಕೆ ತಕ್ಕ ಹಾಗೆ. ನಾಲ್ಕರಲ್ಲಿ ಜೇಬಿಗೆ ಜಾಸ್ತಿ ಭಾರ ಇದೇ. ಮಲಗುವುದು ಕೋಟೆಯೊಳಗೇ, ತೋಟವೂ ಅತಿಥಿಗಳದೇ. ಎರಡೂ ಪ್ರಶ್ನೆಗೆ ಹೌದು. ಆದರೂ ನಾನು ಇದನ್ನು ಕೊನೆಗೆ ಇಟ್ಟಿದ್ದೇನೆ. ಸೇವೆ ಅಷ್ಟು ಅಚ್ಚುಕಟ್ಟಾದಾಗ ಮನೆ ಎಂಬ ಭಾವ ಸ್ವಲ್ಪ ಹಿಂದೆ ಸರಿಯುತ್ತದೆ.

ಇಲ್ಲಿನ ಭಾರತದ ನಂಟು ಹೇಳಲೇಬೇಕು. ಈ ಮನೆ ಕೊಂಡಿದ್ದ ಲಾರ್ಡ್ ಇಂಚ್‌ಕೇಪ್, ಕಲ್ಕತ್ತಾದ ಮ್ಯಾಕಿನನ್ ಮೆಕೆಂಜಿ ಕಂಪನಿಗೆ ಯುವಕನಾಗಿ ಬಂದು, ಹಡಗಿನ ವ್ಯಾಪಾರದಲ್ಲಿ ಬೆಳೆದು ಪಿ ಅಂಡ್ ಓ ಕಂಪನಿಯ ಅಧ್ಯಕ್ಷನಾದ ಮನುಷ್ಯ. ಮಗಳು ಎಲ್ಸಿ ಮೆಕೇ ವಿಮಾನ ಹಾರಿಸುತ್ತಿದ್ದಳು. 1928ರ ಮಾರ್ಚಿನಲ್ಲಿ ಅಟ್ಲಾಂಟಿಕ್ ದಾಟಲು ಹೊರಟವಳು ಮರಳಲಿಲ್ಲ. ಅವಳ ನೆನಪಿಗೆ ಗ್ಲೆನಾಪ್ ಕಣಿವೆಯ ಗುಡ್ಡದಲ್ಲಿ ರೋಡೋಡೆಂಡ್ರಾನ್ ಗಿಡಗಳನ್ನು ಅವಳ ಹೆಸರಿನ ಅಕ್ಷರಗಳಾಗಿ ನೆಟ್ಟರು.

ಗೋಡೆಯ ತೋಟದಲ್ಲಿ 150 ಅಡಿ ಉದ್ದದ ಹಳೇ ಗಾಜಿನ ಮನೆ ಇದೆ. ಅದರ ಬಾಗಿಲು ತೆಗೆದಾಗ ಮುಖಕ್ಕೆ ಬರುವ ಒದ್ದೆ ಮಣ್ಣಿನ ಬಿಸಿಗೆ ನನಗೆ ಲಾಲ್‌ಬಾಗು ನೆನಪಾಯಿತು. ಲಾಲ್‌ಬಾಗಿನ ಗಾಜಿನ ಮನೆಯ ಕಬ್ಬಿಣ ಎರಕವಾದದ್ದೂ ಇಲ್ಲಿಂದ ದೂರವಲ್ಲದ ಗ್ಲಾಸ್ಗೋದಲ್ಲೇ, ಮ್ಯಾಕ್‌ಫರ್ಲೇನ್ ಕಂಪನಿಯ ಸಾರಸನ್ ಫೌಂಡ್ರಿಯಲ್ಲಿ.

ಹಾಗಾದರೆ ಯಾವುದು?

ಇಬ್ಬರೇ ಹೋಗುತ್ತಿದ್ದೀರಿ, ಕಾರು ಓಡಿಸುವುದಿಲ್ಲ ಅಂದರೆ ಡಂಫ್ರೀಸ್ ಹೌಸ್. ರೈಲು ಹತ್ತಿರ, ಲಾಡ್ಜು ಸರಳ, ನೋಡುವುದು ಎರಡು ದಿನಕ್ಕೆ ಸಾಕಷ್ಟಿದೆ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದೂ ಇದನ್ನೇ.

ಅಣ್ಣ ತಮ್ಮಂದಿರ ಕುಟುಂಬ, ಲಂಡನ್ನಿನಲ್ಲಿರುವ ಮಗಳು, ಊರಿಂದ ಬಂದ ಅಪ್ಪ ಅಮ್ಮ ಎಲ್ಲ ಸೇರಿ ಹತ್ತು ಹನ್ನೆರಡು ಜನ ಇದ್ದರೆ ಬೇರೆ ಯೋಚನೆ ಬೇಡ, ಆಖಿನ್‌ಲೆಕ್. ಬಾಡಿಗೆ ಮೊದಲು ದೊಡ್ಡದಾಗಿ ಕಂಡರೂ ತಲೆಗೆ ಹಂಚಿದರೆ ಸಾಧಾರಣ ಹೋಟೆಲಿನ ಹತ್ತಿರ ಬರಬಹುದು. ಅದಕ್ಕಿಂತ ದೊಡ್ಡ ಅನುಕೂಲ ಅಡುಗೆಮನೆ. ಸಸ್ಯಾಹಾರಿಗಳಿಗೆ ಇದು ಸಣ್ಣ ಮಾತಲ್ಲ. ಒಮ್ಮೆ ದಾರಿಯ ಒಂದು ಹೋಟೆಲಿನಲ್ಲಿ ತರಕಾರಿ ಸೂಪು ಎಂದು ಕೊಟ್ಟಿದ್ದು ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿದ್ದು ಎಂದು ಕುಡಿದ ಮೇಲೆ ಗೊತ್ತಾಯಿತು. ನನ್ನ ಅಮ್ಮ ಎರಡು ದಿನ ಹಣ್ಣು ಬಿಟ್ಟು ಏನೂ ಮುಟ್ಟಲಿಲ್ಲ. ಅದಕ್ಕೇ ಹೇಳುವುದು, ವೆಜಿಟೇರಿಯನ್ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಮಾಂಸದ ಸಾರೂ ಬೇಡ, ಮೀನಿನ ಸಾಸೂ ಬೇಡ ಎಂದು ಬಿಡಿಸಿ, ಮುಂಚೆಯೇ ಬರೆದು ತಿಳಿಸಿ. ಸ್ವಂತ ಅಡುಗೆಯಾದರೆ ಗ್ಲಾಸ್ಗೋದ ಪೊಲಕ್‌ಶೀಲ್ಡ್ಸ್‌ನಲ್ಲಿ ಆಲ್ಬರ್ಟ್ ಡ್ರೈವ್ ಎಂಬ ಬೀದಿಯಿದೆ. ಅಕ್ಕಿ, ತೊಗರಿಬೇಳೆ, ಹಸಿಮೆಣಸು ಅಲ್ಲೇ ತುಂಬಿಸಿಕೊಳ್ಳಿ. ಊರಿಂದ ಸಾರಿನ ಪುಡಿ ಒಯ್ಯಿರಿ. ಹಾಲಿನ ಪದಾರ್ಥ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ.

ಮದುವೆಯ ಇಪ್ಪತ್ತೈದನೇ ವರ್ಷದಂಥ ಒಂದೇ ಒಂದು ರಾತ್ರಿಗೆ ಕಲೇನ್ ಅಥವಾ ಗ್ಲೆನಾಪ್. ಕಡಲು ಬೇಕಾದರೆ ಕಲೇನ್. ಯಾವ ಚಿಂತೆಯೂ ಬೇಡ, ಎಲ್ಲವನ್ನೂ ಬೇರೆಯವರು ನೋಡಿಕೊಳ್ಳಲಿ ಅನ್ನುವವರಿಗೆ ಗ್ಲೆನಾಪ್. ಎರಡಕ್ಕೂ ಕಾರು ಇದ್ದರೆ ಒಳ್ಳೆಯದು. ಮಂಡಿ ನೋವಿನ ಹಿರಿಯರು ಜೊತೆಗಿದ್ದರೆ ಎಲ್ಲೇ ಆಗಲಿ ಮೆಟ್ಟಿಲಿನ ವಿಷಯ ಮೊದಲು ಕೇಳಿ. ಹಳೇ ಮನೆಗಳಲ್ಲಿ ಅದೇ ದೊಡ್ಡ ತೊಡಕು.

ಋತುವೂ ಆಯ್ಕೆಯನ್ನು ಬದಲಿಸುತ್ತದೆ. ಮೇ ತಿಂಗಳಲ್ಲಿ ರೋಡೋಡೆಂಡ್ರಾನ್ ಅರಳುತ್ತದೆ. ಆ ಗಿಡಗಳ ಎಷ್ಟೋ ಬಗೆ ನಮ್ಮ ಹಿಮಾಲಯದಿಂದ ಹೋದವೇ. ಆಗ ಗ್ಲೆನಾಪ್, ಕಲೇನ್ ಚೆಂದ. ಜುಲೈ, ಆಗಸ್ಟಿನಲ್ಲಿ ಗೋಡೆಯ ತೋಟಗಳು ತುಂಬಿಕೊಂಡಿರುತ್ತವೆ, ಆಗ ಡಂಫ್ರೀಸ್ ಹೌಸ್. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಕತ್ತಲಾಗುವುದರಿಂದ ನನ್ನ ಐದು ಗಂಟೆಯ ಲೆಕ್ಕವೇ ನಡೆಯುವುದಿಲ್ಲ. ಆಗ ಬೆಂಕಿಗೂಡು, ಪುಸ್ತಕ, ತುಂಬಿದ ಮನೆ ಬೇಕು. ಅಂದರೆ ಮತ್ತೆ ಆಖಿನ್‌ಲೆಕ್.

ಮಳೆಗೆ ಹೆದರಬೇಡಿ. ಆಗುಂಬೆಯ ಮಳೆ ಕಂಡವರಿಗೆ ಅದು ಸೋನೆ. ಆದರೆ ಗಾಳಿ ಅಡ್ಡಕ್ಕೆ ಬೀಸುತ್ತದೆ, ಕೊಡೆ ಮಡಚಿಹೋಗುತ್ತದೆ. ತಲೆ ಮುಚ್ಚುವ ಜಾಕೆಟ್ಟು, ನೀರು ಹಿಡಿಯದ ಶೂ ತೆಗೆದುಕೊಂಡು ಹೋಗಿ. ಇನ್ನೊಂದು ಮಾತು. ಸ್ಕಾಟ್ಲೆಂಡಿನಲ್ಲಿ 2003ರ ಕಾನೂನಿನ ಪ್ರಕಾರ ಹೆಚ್ಚಿನ ಹುಲ್ಲುಗಾವಲು, ಕಾಡು, ಹೊಳೆದಂಡೆಯಲ್ಲಿ ಯಾರು ಬೇಕಾದರೂ ಜವಾಬ್ದಾರಿಯಿಂದ ನಡೆದಾಡಬಹುದು. ಮನೆಗೆ ಹೊಂದಿದ ಖಾಸಗಿ ತೋಟ, ಟಿಕೆಟ್ ಇರುವ ಜಾಗ ಇದಕ್ಕೆ ಸೇರುವುದಿಲ್ಲ. ಹಾಗಾಗಿ ಲೂಗರ್ ಹೊಳೆಯ ದಂಡೆಯಲ್ಲಿ ಸಂಜೆ ನಡೆಯುವಾಗ ಗೇಟು ಕಂಡರೆ ಹಿಂದಕ್ಕೆ ತಿರುಗಬೇಡಿ. ತೆಗೆದು, ದಾಟಿ, ಕುರಿಗಳು ಆಚೆ ಬಾರದ ಹಾಗೆ ಮತ್ತೆ ಚಿಲಕ ಹಾಕಿ ಮುಂದೆ ಹೋಗಿ.